ಮೊದಲ ವರ್ಷದ ಚೆಕ್ಕು, ಎರಡನೆಯ ವರ್ಷದ ಶುಲ್ಕ

ವಿದ್ಯಾರ್ಥಿವೇತನ ಕೊಡುವ ಟ್ರಸ್ಟುಗಳ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಮಂಗಳೂರು, ಉಡುಪಿಯ ದಾನಿಗಳ ಔದಾರ್ಯದ ಬಗ್ಗೆ ಎಳ್ಳಷ್ಟೂ ಸಂಶಯವಿಲ್ಲ. ನನ್ನನ್ನು ಕಾಡುವುದು ಅವರಲ್ಲಿ ಹೆಚ್ಚಿನವರು ಕೇಳುವ ಒಂದು ಪ್ರಶ್ನೆ: ‘ಈ ವರ್ಷ ಎಷ್ಟು ಮಕ್ಕಳಿಗೆ ಕೊಟ್ಟಿರಿ?’ ಹೋದ ವರ್ಷ ಕೊಟ್ಟ ಮಕ್ಕಳು ಈಗ ಯಾವ ತರಗತಿಯಲ್ಲಿದ್ದಾರೆ ಎಂದು ಕೇಳುವವರು ವಿರಳ. ಹಾಗಾಗಿ ಟ್ರಸ್ಟು ಪ್ರತಿ ವರ್ಷ ಹೊಸಬರನ್ನೇ ಆರಿಸುತ್ತದೆ, ಹಳಬರಿಗೆ ‘ನಿಮಗೆ ಆಗಲೇ ಸಿಕ್ಕಿದೆಯಲ್ಲ’ ಎನ್ನುತ್ತದೆ.

ಪದವಿಗೆ ಮೂರು ವರ್ಷ ಬೇಕು. ಎರಡನೆಯ ವರ್ಷದಲ್ಲಿ ಕಾಲೇಜು ಬಿಟ್ಟ ಹುಡುಗಿ ಉದ್ಯೋಗಕ್ಕೆ ಅರ್ಜಿ ಹಾಕುವಾಗ ಪಿಯುಸಿ ಎಂದೇ ಬರೆಯಬೇಕಾಗುತ್ತದೆ. ಮೊದಲ ವರ್ಷಕ್ಕೆ ನೀವು ಕೊಟ್ಟ ಹಣದ ಗುರುತು ಆ ಅರ್ಜಿಯಲ್ಲಿ ಎಲ್ಲಿಯೂ ಉಳಿಯುವುದಿಲ್ಲ. ಇದನ್ನು ಎಷ್ಟು ಬಾರಿ ಹೇಳಿದರೂ ಸಾಲದು.

ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದು ಮಲ್ಪೆ ಬಂದರಿನಲ್ಲಿ ದುಡಿಯುವ ಕುಟುಂಬಗಳನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕಾಲೇಜಿನ ಶುಲ್ಕದ ಗಡುವು ಬರುವುದೂ ಬಹುಮಟ್ಟಿಗೆ ಅದೇ ಹೊತ್ತಿಗೆ. ಸರ್ಕಾರದ ವಿದ್ಯಾರ್ಥಿವೇತನವಾದರೂ ಆಸರೆಯಾಗಬೇಕಿತ್ತು. ಆದರೆ ಜಾತಿ ಪ್ರಮಾಣಪತ್ರಕ್ಕೆ ಊರಿನ ನಾಡಕಚೇರಿಗೆ ಓಡಬೇಕು, ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಇಷ್ಟೆಲ್ಲ ಆದ ಮೇಲೂ ಹಣ ಅನೇಕ ಬಾರಿ ಗಡುವು ದಾಟಿದ ಮೇಲೆಯೇ ಬರುತ್ತದೆ. ಇಂಥ ಮನೆಯ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಅರ್ಜಿಗೆ ಪಿನ್ ಮಾಡಿದ್ದ ಖರ್ಚಿನ ಹಾಳೆ ನನ್ನ ಕಡತದಲ್ಲಿದೆ. ಶುಲ್ಕದ ಕೆಳಗೆ ಪರೀಕ್ಷಾ ಶುಲ್ಕ, ಜೆರಾಕ್ಸ್, ಬಸ್ಸು ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದಾಳೆ. ‘ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಲ್ಲವೇ?’ ಎಂದು ಹಿರಿಯ ದಾನಿಯೊಬ್ಬರು ಕೇಳಿದರು. ಶಕ್ತಿ ಯೋಜನೆ ಸರ್ಕಾರಿ ಬಸ್ಸುಗಳಿಗೆ ಮಾತ್ರ, ನಮ್ಮ ಕರಾವಳಿಯಲ್ಲಿ ಓಡುವವು ಹೆಚ್ಚಾಗಿ ಖಾಸಗಿ ಬಸ್ಸುಗಳು ಎಂದೆ. ಅವರು ಮರುಮಾತಿಲ್ಲದೆ ಬಸ್ಸಿನ ಖರ್ಚನ್ನೂ ಒಪ್ಪಿಕೊಂಡರು. ಇಂಥವರಿಂದಲೇ ನಮ್ಮ ಕೆಲಸ ನಡೆಯುತ್ತಿದೆ.

ಬಿಡದೆ ಕೈಹಿಡಿಯುವುದು ಈ ಜಿಲ್ಲೆಗಳಿಗೆ ಹೊಸತಲ್ಲ. 1928ರಲ್ಲಿ ಪಿಗ್ಮಿ ಯೋಜನೆ ತಂದು ಮನೆಮನೆಯಿಂದ ದಿನಕ್ಕೆ ಎರಡಾಣೆಯಂತೆ ಉಳಿತಾಯ ಕೂಡಿಸಿದ ನೆಲವಿದು. ಉಡುಪಿಯ ಯಕ್ಷಗಾನ ಕಲಾರಂಗದವರು ವಿದ್ಯಾಪೋಷಕ್ ಯೋಜನೆಯಲ್ಲಿ ವಿದ್ಯಾರ್ಥಿಗಳ ಮನೆಗೇ ಹೋಗಿ ಸ್ಥಿತಿಗತಿ ನೋಡುತ್ತಾರೆ, ದಾನಿಗಳ ನೆರವಿನಿಂದ ಕೆಲವರಿಗೆ ಮನೆಯನ್ನೂ ಕಟ್ಟಿಸಿಕೊಟ್ಟಿದ್ದಾರೆ. ಮನೆ ನೋಡಿ ಬಂದವರಿಗೆ ಒಂದೇ ವರ್ಷಕ್ಕೆ ಕೈಬಿಡುವ ಮನಸ್ಸು ಬರುವುದಿಲ್ಲ.

ಮೂರು ವರ್ಷದ ಮೊತ್ತವನ್ನು ಒಮ್ಮೆಗೇ ಕೊಡಬಹುದೇ ಎಂದು ಕೇಳುವವರಿದ್ದಾರೆ. ಕೊಡಬಹುದು, ಆದರೆ ಹಣವನ್ನು ಮುಂದಿನ ವರ್ಷಗಳಿಗೆ ಕಾಯ್ದಿರಿಸುವ ಕ್ರಮಕ್ಕೆ ತೆರಿಗೆ ನಿಯಮಗಳಿವೆ, ಆಯಾ ಟ್ರಸ್ಟಿನ ಲೆಕ್ಕಪರಿಶೋಧಕರನ್ನು ಕೇಳದೆ ಚೆಕ್ಕು ಬರೆಯಬೇಡಿ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಭಾರತೀಯ ಪೌರರು ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ಸಾಮಾನ್ಯವಾಗಿ ವಿದೇಶಿ ದೇಣಿಗೆ ಎನಿಸುವುದಿಲ್ಲ. ವಿದೇಶಿ ಪೌರತ್ವ ಪಡೆದವರ ಹಣ ಸ್ವೀಕರಿಸಲು ಮಾತ್ರ ಟ್ರಸ್ಟಿಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅಡಿಯಲ್ಲಿ ಅನುಮತಿ ಇರಬೇಕು.

ನಲವತ್ತೈದು ಮಂದಿಗೆ ಒಂದು ವರ್ಷ ಹಂಚುವ ಹಣವನ್ನು ಹದಿನೈದು ಮಂದಿಗೆ ಮೂರು ವರ್ಷ ಕೊಡಿ. ವೇದಿಕೆಯ ಫೋಟೋದಲ್ಲಿ ಮಕ್ಕಳು ಕಡಿಮೆ ಕಂಡಾರು, ಕಾಣಲಿ. ದೇಣಿಗೆಯ ಪತ್ರದಲ್ಲಿ ‘ಪದವಿ ಮುಗಿಯುವವರೆಗೆ, ಪ್ರತಿ ವರ್ಷ ಮೇ ತಿಂಗಳೊಳಗೆ’ ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿ.