ಬದುಕಿ ಬಂದವರ ಬಾಯಿ ಬಿಡಿಸಬೇಡಿ

ಪ್ರವಾಹವೋ ಭೂಕಂಪವೋ ಆದಾಗ ಮನೋವೈದ್ಯರು, ಆಪ್ತಸಮಾಲೋಚಕರು ಅಲ್ಲಿಗೆ ಹೋಗುತ್ತಾರೆ. ಹೋಗಿ ಏನು ಮಾಡುತ್ತಾರೆ? ಸಂತ್ರಸ್ತರನ್ನು ಕೂರಿಸಿ "ನಡೆದದ್ದೆಲ್ಲ ಹೇಳಿ, ಅತ್ತುಬಿಡಿ, ಹಗುರಾಗುತ್ತೆ" ಅನ್ನುತ್ತಾರೆ ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ಈ ನಂಬಿಕೆ ಬೇಗ ಹೋದಷ್ಟೂ ಒಳ್ಳೆಯದು.

ಒಂದು ಕಾಲದಲ್ಲಿ ತಜ್ಞರೂ ಹೀಗೇ ಮಾಡುತ್ತಿದ್ದರು. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ತುರ್ತು ಸೇವೆಯ ಸಿಬ್ಬಂದಿಗಾಗಿ 'ಡಿಬ್ರೀಫಿಂಗ್', ಅಂದರೆ ಘಟನೆಯಾದ ಕೂಡಲೇ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ವಿಧಾನ ರೂಪಿಸಿದರು. ಮುಂದೆ ಅದನ್ನು ಎಲ್ಲ ಸಂತ್ರಸ್ತರ ಮೇಲೂ ಬಳಸಿದರು. 1997ರಲ್ಲಿ ಬ್ರಿಟನ್ನಿನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಡಿಬ್ರೀಫಿಂಗ್ ಪಡೆದವರಲ್ಲಿ ಶೇ. 26 ಮಂದಿಗೆ 13 ತಿಂಗಳ ನಂತರ ಆಘಾತದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಇತ್ತು. ಪಡೆಯದವರಲ್ಲಿ ಶೇ. 9! ಮೊದಲ ಗುಂಪಿನವರ ಗಾಯ ಸ್ವಲ್ಪ ಹೆಚ್ಚು ತೀವ್ರವಾಗಿತ್ತು, ನಿಜ. ಆದರೆ ಆಮೇಲೆ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ, ಒಂದೇ ಸಲ ಕೂರಿಸಿ ಹೇಳಿಸುವುದರಿಂದ ಕಾಯಿಲೆ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ.

ಯಾಕಿರಬಹುದು? ಹೆದರಿದಾಗ ಮೈಯಲ್ಲಿ ಅಡ್ರಿನಲಿನ್, ಮಿದುಳಿನಲ್ಲಿ ನಾರ್‌ಅಡ್ರಿನಲಿನ್ ಏರುತ್ತವೆ. ಮಿದುಳಿನ ಅಮಿಗ್ಡಲಾ ಎಂಬ ಪುಟ್ಟ ಭಾಗ ಚುರುಕಾಗಿ, ಈ ನೆನಪನ್ನು ಬಿಡಬೇಡ ಅಂತ ನೆನಪು ಕೂಡಿಡುವ ಪಕ್ಕದ ಭಾಗ ಹಿಪೊಕ್ಯಾಂಪಸ್ಸಿಗೆ ಸೂಚನೆ ಕೊಡುತ್ತದೆ. ನೆನಪು ಗಟ್ಟಿಯಾಗಲು ಹೊತ್ತು ಬೇಕು. ಆ ಹೊತ್ತಿನಲ್ಲೇ ಒತ್ತಾಯದಿಂದ ಎಲ್ಲ ಹೇಳಿಸಿದರೆ ಎದೆ ಮತ್ತೆ ಹೊಡೆದುಕೊಳ್ಳುತ್ತದೆ, ಅದೇ ರಾಸಾಯನಿಕಗಳು ಮತ್ತೆ ಉಕ್ಕುತ್ತವೆ. ಭಯ ಹಸಿ ಗೋಡೆಗೆ ಹರಳು ಒತ್ತಿದ ಹಾಗೆ ಕೂತುಬಿಡಬಹುದು. ಸಂಶೋಧಕರು ಕೊಡುವ ವಿವರಣೆಗಳಲ್ಲಿ ಇದೂ ಒಂದು, ನನಗೆ ತುಂಬ ಒಪ್ಪಿಗೆಯಾದದ್ದು.

ಹಾಗಂತ ಮಾತಾಡಲು ಬಂದವರನ್ನು ತಡೆಯಬೇಕಿಲ್ಲ. ತಾವಾಗಿ ಹೇಳಿದರೆ ಸುಮ್ನೆ ಕೇಳಬೇಕು, ಅಷ್ಟೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಜೊತೆಗಾರ ಸಂಸ್ಥೆಗಳು ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದೂ ಇದನ್ನೇ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿನ ಜೊತೆ ಜೋಡಿಸಿ. ಕಳೆದುಹೋದ ಮಗುವನ್ನು ಹುಡುಕಿಸುವುದು, ಮಲಗಲು ಸುರಕ್ಷಿತ ಜಾಗ ಕೊಡಿಸುವುದು ಎಲ್ಲ ಇದರಲ್ಲೇ ಬರುತ್ತದೆ. ತರಬೇತಿ ಪಡೆದ ಯಾರು ಬೇಕಾದರೂ ಇದನ್ನು ಮಾಡಬಹುದು.

ಬಹುತೇಕ ಜನ ನಿಧಾನವಾಗಿ ತಾವೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ನಿದ್ದೆ ಬಾರದವರು, ಅದೇ ದೃಶ್ಯ ಮರುಕಳಿಸಿ ನಡುಗುವವರು ಯಾರು ಅಂತ ಗುರುತಿಸುವುದಕ್ಕೆ ತಜ್ಞರೇ ಬೇಕು. ಅವರಿಗೆ ಕೊಡುವ ಚಿಕಿತ್ಸೆಯಲ್ಲಿ ನೆನಪನ್ನು ಕೆದಕುವುದೂ ಉಂಟು. ಆದರೆ ಹಲವು ವಾರ, ಹಂತ ಹಂತವಾಗಿ, ಅವರ ಒಪ್ಪಿಗೆಯಿಂದ.

ಸಾವಿನ ಯೋಚನೆ ಬಂದವರಿಗೆ ಮಾತ್ರ ಕಾಯುವ ಹಾಗಿಲ್ಲ. ಮೊದಲೇ ಮಾನಸಿಕ ಕಾಯಿಲೆ, ಮೂರ್ಛೆರೋಗ ಇದ್ದವರಿಗೂ ಅಷ್ಟೇ. ಮಾತ್ರೆಗಳು ನೀರುಪಾಲಾಗಿರುತ್ತವೆ, ದಿಢೀರನೆ ನಿಂತರೆ ಕಾಯಿಲೆ ಉಲ್ಬಣಿಸುತ್ತದೆ. ಯಾವ ಮಾತ್ರೆ, ದಿನಕ್ಕೆ ಎಷ್ಟು ಅಂತ ಕೇಳಿಕೊಂಡು ಅವತ್ತೇ ಕೊಡಿಸುವುದು ಮನೋವೈದ್ಯರ ಮೊದಲ ದಿನದ ಕೆಲಸ.