ಜಪಾನಿ ಪೇಟೆಂಟ್ ಹುಡುಕಾಟ: ಅಂಕಿಗಿಂತ ಮೊದಲು ಚುಕ್ಕೆ ನೋಡಿ

ಮೂರು ವಾರದಿಂದ ಒಂದೇ ಪ್ರಶ್ನೆ ಹಿಡಿದು ಕೂತಿದ್ದೆ. ಇಂಕ್‌ಜೆಟ್ ಪ್ರಿಂಟರಿನ ಶಾಯಿಯಲ್ಲಿ ಪಿಗ್ಮೆಂಟ್ ಪುಡಿ ತಳ ಹಿಡಿಯಬಾರದು, ನಾಜಲ್ (ಶಾಯಿ ಚಿಮ್ಮುವ ಸಣ್ಣ ತೂತು) ಕಟ್ಟಿಕೊಳ್ಳಬಾರದು. ಇದಕ್ಕೆ ದಾರಿ ಹೇಳುವ ಜಪಾನಿ ಪೇಟೆಂಟುಗಳನ್ನು ಹುಡುಕುವುದು ಹೇಗೆ? ಈಗ ಒಂದು ಹಾದಿ ಸಿಕ್ಕಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಪೇಟೆಂಟ್ ಅಂದರೇನು, ಕ್ಲೇಮ್ ಅಂದರೇನು ಅನ್ನುವುದು ನಿಮಗೆ ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇನೆ.

ಪದ ಹಾಕಿದರೆ ಯಾಕೆ ಸಾಲದು

ಮೊದಲು ನಾನೂ ಪದಗಳನ್ನೇ ಹಾಕಿದೆ. ಜಪಾನಿಯಲ್ಲಿ ಶಾಯಿಗೆ ಕೆಲವರು ‘ಇಂಕು’ ಅಂತ ಬರೆಯುತ್ತಾರೆ, ಕೆಲವರು ‘ಇಂಕಿ’ ಅಂತ. ಒಂದನ್ನು ಹಾಕಿದರೆ ಇನ್ನೊಂದು ಕೈತಪ್ಪುತ್ತದೆ. ನಾಜಲ್ ಕಟ್ಟಿಕೊಳ್ಳುವುದಕ್ಕೆ ‘ಮೆಜುಮಾರಿ’ ಎನ್ನುತ್ತಾರೆ. ಬಾಯಲ್ಲಿ ಹೇಳುವಾಗ ಅದು ಒಂದೇ. ಬರೆಯುವಾಗ ಒಬ್ಬರು ಎರಡು ಕಾಂಜಿ (ಚೀನೀ ಮೂಲದ) ಅಕ್ಷರ ಹಾಕಿ ಕೊನೆಗೆ ಎರಡು ಹಿರಗಾನ (ಉಚ್ಚಾರಣೆ ಹೇಳುವ ಅಕ್ಷರ) ಸೇರಿಸುತ್ತಾರೆ. ಇನ್ನೊಬ್ಬರು ಒಂದೇ ಹಿರಗಾನ ಸಾಕು ಅನ್ನುತ್ತಾರೆ. ಮತ್ತೊಬ್ಬರು ಒಂದು ಕಾಂಜಿ ಇಟ್ಟು ಉಳಿದದ್ದನ್ನೆಲ್ಲ ಹಿರಗಾನದಲ್ಲಿ ಬರೆಯುತ್ತಾರೆ. ಕಂಪ್ಯೂಟರಿಗೆ ಇವು ಮೂರೂ ಬೇರೆ ಬೇರೆ ಪದ. ಇನ್ನು ಕೆಲವು ಪೇಟೆಂಟುಗಳು ಪಿಗ್ಮೆಂಟ್ ಅಂತ ಹೇಳುವುದೇ ಇಲ್ಲ, ‘ಬಣ್ಣ ಕೊಡುವ ವಸ್ತು’ ಅಂದುಬಿಡುತ್ತವೆ.

ವರ್ಗೀಕರಣ ಇರುವುದು ಇದಕ್ಕೇ. ಬರೆದವರು ಯಾವ ಪದ ಬಳಸಿದರೂ, ದಾಖಲೆ ಓದಿದವರು ವಿಷಯ ನೋಡಿ ಗುರುತು ಹಾಕಿರುತ್ತಾರೆ. ನಾವು ಆ ಗುರುತನ್ನು ಹಿಡಿದು ಹೋಗಬೇಕು.

ಮೂರು ಪದರ, ಬೇಗ ಬೇಗ

ಐಪಿಸಿ, ಅಂದರೆ ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣ, ಎಲ್ಲ ದೇಶಗಳಿಗೂ ಒಂದೇ. 1971ರ ಸ್ಟ್ರಾಸ್‌ಬರ್ಗ್ ಒಪ್ಪಂದದಿಂದ ಬಂದದ್ದು. ನಮ್ಮ ಭಾರತದ ಪೇಟೆಂಟುಗಳ ಮೇಲೂ ಇದೇ ಇರುತ್ತದೆ. ಇದರಲ್ಲಿ 70,000ಕ್ಕೂ ಜಾಸ್ತಿ ಮನೆಗಳಿವೆ, ಅಂದರೆ ವಿಷಯದ ವಿಭಾಗಗಳು.

ಎಫ್‌ಐ (ಫೈಲ್ ಇಂಡೆಕ್ಸ್) ಜಪಾನಿನ ಪೇಟೆಂಟ್ ಕಚೇರಿಯದ್ದು. ಐಪಿಸಿಯ ಮನೆಗಳನ್ನೇ ಇನ್ನೂ ಸಣ್ಣ ಕೋಣೆಗಳಾಗಿ ಒಡೆದಿದ್ದಾರೆ. ಸುಮಾರು 1,90,000 ಆಗುತ್ತದೆ.

ಎಫ್-ಟರ್ಮ್ ಕೂಡ ಅವರದ್ದೇ, ಆದರೆ ಯೋಚನೆಯೇ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ವಿಷಯ ಸಿ09ಡಿ ಅನ್ನುವ ಕೋಡಿನಲ್ಲಿ ಇದೆ. ಬಣ್ಣ, ವಾರ್ನಿಷ್, ಶಾಯಿ ಎಲ್ಲ ಸೇರುವ ಜಾಗ ಅದು. ಜಪಾನಿನ 1ನೇ ನಂಬರಿನ ಪೇಟೆಂಟ್ ಯಾವುದಕ್ಕೆ ಸಿಕ್ಕಿದ್ದು ಗೊತ್ತಾ? 1885ರ ಆಗಸ್ಟ್ 14ರಂದು, ಹೊತ್ತಾ ಝುಯಿಶೊ ಅನ್ನುವವರ ತುಕ್ಕು ತಡೆಯುವ ಬಣ್ಣಕ್ಕೆ. ಅದೂ ಬಣ್ಣದ ವಿಷಯವೇ. ಇದು ತಿಳಿದ ಮೇಲೆ ಸಿ09ಡಿ ಮೇಲೆ ನನಗೆ ಸ್ವಲ್ಪ ಅಕ್ಕರೆ ಜಾಸ್ತಿಯಾಯಿತು.

ನಾನು ಎಡವಿದ ಜಾಗ: ಚುಕ್ಕೆಗಳು

ಇಲ್ಲಿ ನಿಧಾನವಾಗಿ ಹೋಗೋಣ. ನನಗೆ ಒಂದು ವಾರ ಹೋದದ್ದು ಇಲ್ಲೇ. ಪಟ್ಟಿ ಹೀಗಿದೆ:

ಸಿ09ಡಿ 11/00 ಶಾಯಿಗಳು
• 11/30 ಇಂಕ್‌ಜೆಟ್ ಮುದ್ರಣದ ಶಾಯಿ
•• 11/32 ಬಣ್ಣ ಕೊಡುವ ವಸ್ತುವೇ ಅದರ ವಿಶೇಷ
••• 11/322 ಪಿಗ್ಮೆಂಟ್ ಶಾಯಿ
•••• 11/324 ಕಾರ್ಬನ್ ಬ್ಲ್ಯಾಕ್ ಇರುವುದು
•••• 11/326 ಪಿಗ್ಮೆಂಟನ್ನು ಚದುರಿಸಿ ಇಡುವ ವಸ್ತುವೇ ವಿಶೇಷ
••• 11/328 ಡೈ (ಕರಗುವ ಬಣ್ಣ) ವಿಶೇಷವಾಗಿರುವುದು
•• 11/34 ಬಿಸಿಗೆ ಕರಗುವ ಶಾಯಿ
• 11/54 ಎರಡು ದ್ರವಗಳ ಶಾಯಿ

ಮೊದಲನೆಯ ತಪ್ಪು. ಇದನ್ನು ಎಕ್ಸೆಲ್‌ಗೆ ಹಾಕಿ ಓರೆಗೆರೆಯ ನಂತರದ ಅಂಕಿಯ ಪ್ರಕಾರ ಜೋಡಿಸಿದೆ. 30, 32, 34, 54, ಆಮೇಲೆ 322, 324 ಅಂತ ಬಂತು. ಮುನ್ನೂರ ಇಪ್ಪತ್ತೆರಡು ಐವತ್ತನಾಲ್ಕಕ್ಕಿಂತ ದೊಡ್ಡದು ಅಲ್ವಾ? ಇಲ್ಲಿ ಹಾಗಲ್ಲ. ಓರೆಗೆರೆಯ ಬಲಗಡೆ ಮೊದಲ ಎರಡು ಅಂಕಿಯ ನಂತರ ಬರುವುದನ್ನು ದಶಾಂಶದ ಹಾಗೆ ಓದಬೇಕು. 322 ಅಂದರೆ 32 ಆದಮೇಲೆ ‘ಪಾಯಿಂಟ್ 2’. ಹಾಗಾಗಿ ಅದು 32ರ ನಂತರ, 34ಕ್ಕಿಂತ ಮುಂಚೆ ಕೂರುತ್ತದೆ. ಮಧ್ಯದಲ್ಲಿ ಹೊಸ ಮನೆ ಕಟ್ಟಬೇಕಾದಾಗ ಹಳೆ ಮನೆಗಳ ನಂಬರ್ ಬದಲಾಯಿಸದೆ ಜಾಗ ಮಾಡಿಕೊಳ್ಳಬಹುದು ಅನ್ನುವುದು ಇದರ ಅನುಕೂಲ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಅಂಕಿ ಉದ್ದವಾದಷ್ಟೂ ಆಳ ಜಾಸ್ತಿ, ಉದ್ದ ಒಂದೇ ಆದರೆ ಅಣ್ಣತಮ್ಮಂದಿರು ಅಂತ ನಾನು ನಂಬಿದ್ದೆ. 322, 324, 326, 328 ನಾಲ್ಕೂ ಮೂರು ಅಂಕಿಯವು. ನಾಲ್ಕೂ 32ರ ಮಕ್ಕಳು ಅಂತ ಗೀಚಿಟ್ಟುಕೊಂಡೆ. ಈಗ ಚುಕ್ಕೆ ಎಣಿಸಿ ನೋಡಿ. 322ಕ್ಕೆ ಮೂರು ಚುಕ್ಕೆ. 324 ಮತ್ತು 326ಕ್ಕೆ ನಾಲ್ಕು. ಅಂದರೆ ಇವೆರಡೂ 322ರ ಮಕ್ಕಳು, 32ರ ಮೊಮ್ಮಕ್ಕಳು. 328ಕ್ಕೆ ಮತ್ತೆ ಮೂರೇ ಚುಕ್ಕೆ. ಅದು 322ರ ತಮ್ಮ. ಅಂಕಿ ಮನೆಯ ನಂಬರ್ ಮಾತ್ರ. ಯಾರು ಯಾರ ಮಗ ಅನ್ನುವುದನ್ನು ಚುಕ್ಕೆ ಹೇಳುತ್ತದೆ.

ಇದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. 326ರ ಮುಂದೆ ಬರೆದಿರುವುದು ‘ಪಿಗ್ಮೆಂಟನ್ನು ಚದುರಿಸಿ ಇಡುವ ವಸ್ತುವೇ ವಿಶೇಷ’ ಅಂತಷ್ಟೇ. ಆ ಸಾಲನ್ನು ಮಾತ್ರ ಓದಿದರೆ ಪೆನ್ನಿನ ಶಾಯಿಯೂ ಇಲ್ಲೇ ಇರಬಹುದು ಅನ್ನಿಸುತ್ತದೆ. ಇಲ್ಲ. ಅದರ ಪೂರ್ತಿ ಅರ್ಥ ಬೇಕಾದರೆ ಮೇಲಕ್ಕೆ ಹತ್ತಬೇಕು. ಹತ್ತುವ ಕ್ರಮ ಇದು: ಬೆರಳನ್ನು 326ರ ಮೇಲಿಡಿ. ನಾಲ್ಕು ಚುಕ್ಕೆ. ಮೇಲೆ ಹೋಗುತ್ತ ಮೂರು ಚುಕ್ಕೆಯ ಮೊದಲ ಸಾಲು ಸಿಗುವವರೆಗೆ ನಿಲ್ಲಬೇಡಿ. 324 ದಾಟಿ 322 ಸಿಕ್ಕಿತು. ಮತ್ತೆ ಮೇಲೆ ಎರಡು ಚುಕ್ಕೆ, ಅದು 32. ಮತ್ತೆ ಒಂದು ಚುಕ್ಕೆ, ಅದು 30. ಕೊನೆಗೆ 11/00. ಈಗ ಮೇಲಿನಿಂದ ಕೆಳಗೆ ಓದಿ: ಶಾಯಿ, ಇಂಕ್‌ಜೆಟ್ ಶಾಯಿ, ಬಣ್ಣದ ವಸ್ತುವಿನಿಂದ ವಿಶೇಷವಾದದ್ದು, ಅದರಲ್ಲೂ ಪಿಗ್ಮೆಂಟಿನದು, ಅದರಲ್ಲೂ ಚದುರಿಸುವ ವಸ್ತು ವಿಶೇಷವಾದದ್ದು. ಬಾಲ್‌ಪೆನ್ನಿನ ಶಾಯಿಗೆ 11/18 ಅಂತ ಬೇರೆಯೇ ಮನೆ ಇದೆ.

ನಾನು ಈಗ ಯಾವ ಕೋಡ್ ಬರೆದುಕೊಂಡರೂ ಅದರ ಇಡೀ ವಂಶವನ್ನು ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ನೀವೂ ಮೊದಲ ಹತ್ತು ಕೋಡಿಗೆ ಹಾಗೆ ಮಾಡಿ. ಆಮೇಲೆ ಕಣ್ಣೇ ಹತ್ತಿಳಿಯುವುದನ್ನು ಕಲಿಯುತ್ತದೆ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ. 11/30ರ ಈ ಕುಟುಂಬ ಐಪಿಸಿಗೆ ಬಂದದ್ದು 2014ರಲ್ಲಿ. ಅದಕ್ಕೂ ಹಳೆಯ ಪೇಟೆಂಟಿನ ಮುಖಪುಟದಲ್ಲಿ 11/326 ಅಚ್ಚಾಗಿರುವುದಿಲ್ಲ. ಎಫ್‌ಐ ಬದಲಾದಾಗ ಜಪಾನಿನವರು ಹಳೆ ದಾಖಲೆಗಳಿಗೂ ಹೊಸ ಗುರುತು ಹಾಕುತ್ತಾರೆ. ಹಾಗಾಗಿ ಅಚ್ಚಾದ ಐಪಿಸಿಗಿಂತ ಎಫ್‌ಐ ನಂಬಿ ಹುಡುಕುವುದು ಒಳ್ಳೆಯದು.

ಅಲ್ಪವಿರಾಮದ ನಂತರದ ಅಂಕಿ

ಬಿ41ಜೆ 2/01,501 ಅಂತ ಕಂಡರೆ, ಅಲ್ಪವಿರಾಮದ ನಂತರದ ಮೂರು ಅಂಕಿ ಎಫ್‌ಐ ಸೇರಿಸಿದ್ದು. ಇಲ್ಲಿ ದಶಾಂಶದ ಲೆಕ್ಕ ಬೇಡ. ಇದಕ್ಕೂ ತನ್ನದೇ ಚುಕ್ಕೆಗಳಿವೆ. ಕೊನೆಯಲ್ಲಿ ಒಂದು ರೋಮನ್ ಅಕ್ಷರವೂ ಬರಬಹುದು. ಐ ಮತ್ತು ಓ ಅಕ್ಷರಗಳನ್ನು ಬಳಸುವುದಿಲ್ಲ, ಅವು ಒಂದು ಮತ್ತು ಸೊನ್ನೆಯ ಹಾಗೆ ಕಾಣುತ್ತವಲ್ಲ. ಝಡ್ ಇದ್ದರೆ ಸಾಮಾನ್ಯವಾಗಿ ‘ಇತರೆ’ ಅಂತ ಅರ್ಥ.

ಎಫ್-ಟರ್ಮ್: ಒಂದೇ ವಸ್ತುವನ್ನು ಹಲವು ಕಡೆಯಿಂದ ನೋಡುವುದು

ಎಫ್‌ಐ ಒಂದು ಮರ. ಒಂದು ಕೊಂಬೆ ಹಿಡಿದರೆ ಇನ್ನೊಂದು ಬಿಡಬೇಕು. ಆದರೆ ಒಂದು ಶಾಯಿಯನ್ನು ಯಾವ ಕೆಲಸಕ್ಕೆ, ಯಾವ ವಸ್ತುವಿನಿಂದ, ಯಾವ ತೊಂದರೆ ನೀಗಿಸಲು ಅಂತ ಬೇರೆ ಬೇರೆ ಕಡೆಯಿಂದ ನೋಡಬಹುದು. ಎಫ್-ಟರ್ಮ್ ಆ ಒಂದೊಂದು ನೋಟಕ್ಕೂ ಬೇರೆ ಗುರುತು ಕೊಡುತ್ತದೆ. ಇವು ಒಟ್ಟು ಮೂರು ಲಕ್ಷಕ್ಕೂ ಹೆಚ್ಚಿವೆ.

ಇದನ್ನು ಓದುವಾಗ ನನಗೆ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ನೆನಪಾದರು. 1933ರಲ್ಲಿ ಅವರು ತಂದ ಕೋಲನ್ ವರ್ಗೀಕರಣದ ತಿರುಳು ಇದೇ. ವಿಷಯವನ್ನು ಒಂದೇ ಪೆಟ್ಟಿಗೆಗೆ ತುರುಕದೆ ಮುಖ ಮುಖವಾಗಿ ಬಿಡಿಸಿ, ಮತ್ತೆ ಜೋಡಿಸುವುದು. 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಅನ್ನುವ ದಾಖಲೆ ವಿಜ್ಞಾನದ ತರಬೇತಿ ಸಂಸ್ಥೆ ಶುರು ಮಾಡಿದವರೂ ಅವರೇ. ಗ್ರಂಥಾಲಯ ವಿಜ್ಞಾನ ಓದಿದ ಗೆಳೆಯರಿದ್ದರೆ ಅವರಿಗೆ ಎಫ್-ಟರ್ಮ್ ಪಟ್ಟಿ ತೋರಿಸಿ, ಒಂದೇ ನಿಮಿಷಕ್ಕೆ ಅರ್ಥವಾಗುತ್ತದೆ.

4ಜೆ039ಜಿಎ24 ಅನ್ನುವುದನ್ನು ಬಿಡಿಸೋಣ. ಮೊದಲ ಐದು, 4ಜೆ039, ಥೀಮ್. ಇದು ಶಾಯಿಗಳದ್ದು. ಜಿಎ ಅನ್ನುವುದು ನೋಡುವ ದಿಕ್ಕು, ಇಲ್ಲಿ ಬಳಕೆ. 24 ಅಂದರೆ ಇಂಕ್‌ಜೆಟ್. ಇನ್ನೊಂದು ಥೀಮಿನಲ್ಲಿ ಜಿಎ ಕಂಡರೆ ಅದೂ ಬಳಕೆಯೇ ಅಂತ ಅಂದುಕೊಳ್ಳಬೇಡಿ. ಥೀಮ್ ಬಿಟ್ಟರೆ ಆ ಎರಡು ಅಕ್ಷರಕ್ಕೆ ಅರ್ಥವಿಲ್ಲ.

ಇನ್ನೊಂದು ಗುಂಡಿ ಇದೆ. ಇಂಕ್‌ಜೆಟ್ ಶಾಯಿಯ ಪೇಟೆಂಟುಗಳ ಮೇಲೆ ಮೂರು ಥೀಮ್ ಮತ್ತೆ ಮತ್ತೆ ಸಿಗುತ್ತವೆ: ಶಾಯಿಯ 4ಜೆ039, ಇಂಕ್‌ಜೆಟ್ ಯಂತ್ರದ 2ಸಿ056, ಮುದ್ರಿಸುವ ವಿಧಾನ ಮತ್ತು ಕಾಗದದ 2ಎಚ್186. ನಾನು ಮೂರರಿಂದಲೂ ಒಂದೊಂದು ಟರ್ಮ್ ತೆಗೆದು, ಎಲ್ಲವೂ ಇರಲೇಬೇಕು ಅಂತ ಹುಡುಕಿದೆ. ಬೆರಳೆಣಿಕೆಯಷ್ಟು ಬಂತು. ಯಾಕೆಂದರೆ ದಾಖಲೆ ಯಾವ ಥೀಮಿಗೆ ಸೇರಬೇಕು ಅನ್ನುವುದನ್ನು ಎಫ್‌ಐ ನಿರ್ಧರಿಸುತ್ತದೆ. ಸಿ09ಡಿ ಮಾತ್ರ ಇರುವ ಪೇಟೆಂಟಿಗೆ 2ಸಿ056ರ ಬಾಗಿಲೇ ತೆರೆದಿರುವುದಿಲ್ಲ. ಅದು ಎಷ್ಟೇ ಒಳ್ಳೆಯದಾಗಿದ್ದರೂ ನನ್ನ ಹುಡುಕಾಟದಿಂದ ಬಿದ್ದುಹೋಗುತ್ತದೆ. ಒಂದೇ ಥೀಮಿನ ಒಳಗೆ ‘ಮತ್ತು’ ಹಾಕಿ. ಥೀಮ್‌ಗಳ ನಡುವೆ ‘ಅಥವಾ’ ಹಾಕಿ.

ನನಗೆ ತುಂಬ ಇಷ್ಟವಾದ ಅಡ್ಡದಾರಿ

ಕೋಡ್‌ಗಳ ಪಟ್ಟಿಯನ್ನು ಮೊದಲ ಪುಟದಿಂದ ಓದಲು ಕೂರಬೇಡಿ. ಜೆ-ಪ್ಲ್ಯಾಟ್‌ಪ್ಯಾಟ್ ತೆರೆಯಿರಿ. ಜಪಾನಿ ಪೇಟೆಂಟುಗಳನ್ನು ಹುಡುಕುವ ಜಾಲತಾಣ ಅದು. 2015ರ ಮಾರ್ಚ್‌ನಿಂದ ಇದೆ, ಹಣ ಕೊಡಬೇಕಿಲ್ಲ, ಇಂಗ್ಲಿಷಿನಲ್ಲೂ ನೋಡಬಹುದು. ಸುಮ್ನೆ ಪದ ಹಾಕಿ, ನಿಮ್ಮ ವಿಷಯಕ್ಕೆ ಸರಿಯಾಗಿ ಹೊಂದುವ ಐದು ಪೇಟೆಂಟ್ ಹುಡುಕಿ. ಐದು ಸಾಕು. ಅವುಗಳ ಎಫ್‌ಐ ಮತ್ತು ಎಫ್-ಟರ್ಮ್‌ಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮೂರರಲ್ಲಾದರೂ ಬಂದ ಕೋಡ್‌ಗಳಿಗೆ ಸುತ್ತು ಹಾಕಿ. ಆಮೇಲೆ ಅವುಗಳ ಅರ್ಥ ಮಾತ್ರ ಪಟ್ಟಿಯಲ್ಲಿ ನೋಡಿ, ವಂಶ ಹತ್ತಿ.

ನನ್ನ ಹಾಳೆಯಲ್ಲಿ ಸುತ್ತು ಬಿದ್ದದ್ದು ಸಿ09ಡಿ 11/326, ಬಿ41ಎಂ 5/00,120, ಬಿ41ಜೆ 2/01,501 ಮತ್ತು 4ಜೆ039ಜಿಎ24. ಜೆ-ಪ್ಲ್ಯಾಟ್‌ಪ್ಯಾಟ್‌ನಲ್ಲಿ ನಕ್ಷತ್ರ ಚಿಹ್ನೆ ಅಂದರೆ ‘ಮತ್ತು’, ಕೂಡು ಚಿಹ್ನೆ ಅಂದರೆ ‘ಅಥವಾ’. ಪ್ರತಿ ಕೋಡಿನ ಕೊನೆಗೆ ಓರೆಗೆರೆ ಹಾಕಿ ಅದು ಎಫ್‌ಐಯೋ ಎಫ್‌ಟಿಯೋ (ಅಂದರೆ ಎಫ್-ಟರ್ಮೋ) ಅಂತ ಹೇಳಬೇಕು. ನಾನು ಕೊನೆಗೆ ಹಾಕಿದ್ದು 11/326ರ ಎಫ್‌ಐ, ನಕ್ಷತ್ರ, ಆಮೇಲೆ ಮೆಜುಮಾರಿಯ ಮೂರೂ ಬರವಣಿಗೆಯನ್ನು ಕೂಡು ಚಿಹ್ನೆಯಿಂದ ಜೋಡಿಸಿ ಒಂದು ಕಂಸ. ಜಿಎ24 ಬಿಟ್ಟೆ. 326ರ ವಂಶದಲ್ಲೇ ಇಂಕ್‌ಜೆಟ್ ಬಂದಾಗಿದೆಯಲ್ಲ.

ಬಂದ ಪಟ್ಟಿಯ ಮೊದಲ ಪುಟದಲ್ಲಿ, ಶಾಯಿಗೆ ‘ಇಂಕಿ’ ಅಂತ ಬರೆದ ಪೇಟೆಂಟೂ ಇತ್ತು, ‘ಇಂಕು’ ಅಂತ ಬರೆದದ್ದೂ ಇತ್ತು.