ಕನ್ನಡಕದ ಪ್ಲಾಸ್ಟಿಕ್ಕಿಗೆ ಸಿಕ್ಕಿಬಿದ್ದ ಆಮ್ಲಜನಕ

'ಇವತ್ತು ರಾತ್ರಿ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ ಮಲಗಿ.' ಈ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತೆ ಅಲ್ವಾ? ಸುಮ್ನೆ ಅಳಿಸಿಬಿಡಿ. ಅವು ದಿನಾ ಬರುತ್ತವೆ. ಬೆಳಕಿನಂಥ ಕಿರಣಗಳೂ ಅಲ್ಲ, ವೇಗವಾಗಿ ಓಡುವ ಕಣಗಳು. ಬಹುಪಾಲು ಪ್ರೋಟಾನ್‌ಗಳೇ. ಆಮ್ಲಜನಕ, ಕಬ್ಬಿಣದಂಥ ಭಾರದವು ಕಮ್ಮಿ, ಆದರೆ ಸ್ವಾರಸ್ಯ ಇರುವುದು ಅವುಗಳಲ್ಲಿ.

ಅವನ್ನು ಹಿಡಿಯಲು 1985ರಲ್ಲಿ ನಮ್ಮವರು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯಲ್ಲಿ ಪ್ಲಾಸ್ಟಿಕ್ ಹಾಳೆಗಳನ್ನು ಕಳಿಸಿದರು. ಉಪಕರಣದ ಹೆಸರು 'ಅನುರಾಧಾ'. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸುಕುಮಾರ್ ಬಿಸ್ವಾಸ್ ತಂಡದ ಪ್ರಯೋಗ ಅದು. ಹಾಳೆ ಸಿಆರ್-39, ಕನ್ನಡಕದ ಲೆನ್ಸ್‌ಗೆ ಬಳಸುವ ಅದೇ ಪ್ಲಾಸ್ಟಿಕ್.

ಭಾರದ ಕಣ ನುಗ್ಗಿದ ದಾರಿಯುದ್ದಕ್ಕೂ ಪ್ಲಾಸ್ಟಿಕ್ಕಿನ ಅಣುಸರಪಳಿಗಳು ತುಂಡಾಗುತ್ತವೆ. ಮೇಲೆ ಏನೂ ಕಾಣುವುದಿಲ್ಲ. ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಗಂಟೆಗಟ್ಟಲೆ ಅದ್ದಿಟ್ಟರೆ ಏಟು ತಿಂದ ಜಾಗ ಬೇಗ ಕರಗಿ, ಚೂಪು ತಳದ ಪುಟ್ಟ ಗುಂಡಿ ಮೂಡುತ್ತದೆ. ಗುಂಡಿ ಬೆಳೆದ ವೇಗ, ಕಣ ಹೋಗಿ ನಿಂತ ಆಳ ಎರಡನ್ನೂ ಅಳೆದರೆ ಅದು ಯಾವ ಪರಮಾಣು ಅಂತ ಗೊತ್ತಾಗುತ್ತದೆ. ವೇಗದ ಪ್ರೋಟಾನ್‌ಗಳು ಗುರುತೇ ಬಿಡುವುದಿಲ್ಲ. ಅಪೊಲೊ 8 ಮತ್ತು 12ರ ಗಗನಯಾತ್ರಿಗಳ ಹೆಲ್ಮೆಟ್‌ಗಳಲ್ಲೂ ಇಂಥ ಗುಂಡಿಗಳು ಸಿಕ್ಕಿದ್ದವು!

ಆದರೆ ಕಣ ಯಾವಾಗ ಬಂತು ಅಂತ ಪ್ಲಾಸ್ಟಿಕ್ ಹೇಳುವುದಿಲ್ಲ. ಇದಕ್ಕೆ ತಂಡ ಹುಡುಕಿದ ಉಪಾಯ ನನಗೆ ತುಂಬಾ ಇಷ್ಟ. ಎರಡು ಹಪ್ಪಳ ಒಂದರ ಮೇಲೊಂದಿಟ್ಟು ಸೂಜಿ ಚುಚ್ಚಿ, ಕೆಳಗಿನದನ್ನು ಒಂದೇ ವೇಗದಲ್ಲಿ ನಿಧಾನವಾಗಿ ತಿರುಗಿಸುತ್ತಾ ಹೋಗಿ. ತೂತುಗಳು ತಪ್ಪಿಹೋಗುತ್ತವೆ. ಎಷ್ಟು ತಿರುಗಿಸಿದರೆ ಮತ್ತೆ ಸೇರುತ್ತವೆ ಅನ್ನುವುದರಿಂದ ಯಾವಾಗ ಚುಚ್ಚಿದ್ದು ಅಂತ ಲೆಕ್ಕ ಹಾಕಬಹುದು. ಅನುರಾಧಾದ ಕೆಳಗಿನ ಹಾಳೆಗಳ ಕಟ್ಟು 10 ಸೆಕೆಂಡಿಗೊಮ್ಮೆ 40 ಆರ್ಕ್‌ಸೆಕೆಂಡ್, ಅಂದರೆ ಒಂದು ಡಿಗ್ರಿಯ 90ನೇ ಒಂದು ಭಾಗ, ತಿರುಗುತ್ತಿತ್ತು.

ಹೊತ್ತು ತಿಳಿದರೆ ನೌಕೆ ಆಗ ಎಲ್ಲಿತ್ತು ಅಂತ ತಿಳಿಯುತ್ತದೆ, ಅಲ್ಲಿ ಭೂಮಿಯ ಕಾಂತಕ್ಷೇತ್ರದ ತಡೆ ಎಷ್ಟು ಅಂತಲೂ ತಿಳಿಯುತ್ತದೆ. ಎಂಟೂ ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕವನ್ನು ಕಾಂತಕ್ಷೇತ್ರ ಜೋರಾಗಿ ತಿರುಗಿಸುತ್ತದೆ. ಒಂದನ್ನೇ ಕಳೆದುಕೊಂಡದ್ದು ನುಸುಳಿಬಿಡುತ್ತದೆ. ಪೂರ್ತಿ ಬೆತ್ತಲಾದವು ಬರಲಾಗದ ಜಾಗದಲ್ಲೇ ಕಡಿಮೆ ಶಕ್ತಿಯ ಆಮ್ಲಜನಕ ಸಿಕ್ಕಿತು. ಅಂದರೆ ಬಹುತೇಕ ಒಂದೇ ಎಲೆಕ್ಟ್ರಾನ್ ಹೋಗಿತ್ತು.

1974ರಲ್ಲಿ ಫಿಸ್ಕ್, ಕೊಜ್ಲೊವ್‌ಸ್ಕಿ, ರಮಾಟಿ ಎಂಬ ವಿಜ್ಞಾನಿಗಳು ಊಹಿಸಿದ್ದೂ ಇದನ್ನೇ. ನಕ್ಷತ್ರಗಳ ನಡುವಿನ ಅನಿಲದ ಪರಮಾಣು ಸೌರಮಂಡಲಕ್ಕೆ ತೂರಿ ಬಂದು, ಸೂರ್ಯನ ದೆಸೆಯಿಂದ ಒಂದು ಎಲೆಕ್ಟ್ರಾನ್ ಕಳೆದುಕೊಂಡು, ಸೌರಮಾರುತಕ್ಕೆ (ಸೂರ್ಯನಿಂದ ಸದಾ ಹೊರಹರಿಯುವ ಕಣಗಳ ಪ್ರವಾಹಕ್ಕೆ) ಸಿಕ್ಕಿ ವೇಗ ಪಡೆಯುತ್ತದೆ ಎಂದಿದ್ದರು. ಕಬ್ಬಿಣ ಮತ್ತು ಅದರ ಆಸುಪಾಸಿನ ಭಾರದ ಧಾತುಗಳ ಕೆಲವು ಕಣಗಳೂ ಅರೆಬರೆ ಎಲೆಕ್ಟ್ರಾನ್ ಉಳಿಸಿಕೊಂಡೇ ಸಿಕ್ಕಿದ್ದು ಮಾತ್ರ ಯಾರೂ ನಿರೀಕ್ಷಿಸಿರಲಿಲ್ಲ. ಅದರ ಬಗ್ಗೆ ತಂಡ ಆಮೇಲೂ ವರ್ಷಗಟ್ಟಲೆ ಬರೆಯಿತು.